ಆಯುಧಪೂಜೆಯ ಮರುದಿನ ಏಳದ ಮಿಷನ್ನು

ತಮಿಳುನಾಡಿನ ಶಂಕಗಿರಿಯ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಮುನಿಲಕ್ಷ್ಮಿಗೆ ‘ನಿನಗ್ಯಾಕಮ್ಮಾ ಇದೆಲ್ಲ’ ಎಂದು ಒಂದು ಸಲ ಹೇಳಿದವರುಂಟು, ಎರಡನೇ ಸಲ ಹೇಳಿದವರಿಲ್ಲ. ಮೇಚೇರಿಯ ಪಕ್ಕದ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದ ಬಸಪ್ಪನ ಮೂರನೇ ಮಗಳು ಅವಳು. ವಯಸ್ಸು ಇಪ್ಪತ್ತಾರು. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು, ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದು ಇಂಗ್ಲಿಷಿನಲ್ಲಿ. ಕನ್ನಡದ ಅಕ್ಷರ ಒಂದೂ ಬಾರದು. ಆದರೆ ಸಿಟ್ಟು ಬಂದಾಗ ಬಾಯಿಗೆ ಮೊದಲು ಬರುವುದು ಕನ್ನಡವೇ, ಮತ್ತು ಸಿಟ್ಟು ದಿನಕ್ಕೆರಡು ಸಲವಾದರೂ ಬರುತ್ತಿತ್ತು.

ಅವಳು ಆ ಆಫೀಸಿಗೆ ಬಂದಾಗ ಲಾರಿಗಳ ಸರದಿ ನಿಲ್ಲುತ್ತಿದ್ದದ್ದು ಒಂದು ತಗಡಿನ ಡಬ್ಬಿಯಲ್ಲಿ. ಲಾರಿ ಯಾರ್ಡಿಗೆ ಬಂದ ಕೂಡಲೇ ಡ್ರೈವರು ಚೀಟಿ ಬರೆದು ಕೊಡಬೇಕು, ಮ್ಯಾನೇಜರ್ ಸುಬ್ಬರಾಯನ್ ಅದನ್ನು ಡಬ್ಬಿಯಲ್ಲಿ ಜೋಡಿಸಿಡಬೇಕು, ಲೋಡು ಬಂದಾಗ ಮೇಲಿನ ಚೀಟಿಯವನಿಗೆ ಕೊಡಬೇಕು. ಹೇಳುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಡಬ್ಬಿಯ ಅಡಿಯಲ್ಲಿದ್ದ ಚೀಟಿ ಮೇಲಕ್ಕೆ ಬರುವುದಕ್ಕೆ ಒಂದು ನಾಟಿಕೋಳಿ ಸಾಕಾಗುತ್ತಿತ್ತು, ಕೆಲವು ಸಲ ಬರೀ ಬೀಡಿ ಕಟ್ಟು. ಕೋಳಿ ತಾರದವನು ಯಾರ್ಡಿನ ಬೇವಿನ ಮರದಡಿ ನಾಲ್ಕು ದಿನ ಮಲಗಬೇಕಾಗಿತ್ತು.

ಆಮೇಲೆ ಓನರ್ ಅಣ್ಣಾಮಲೈ ಕಂಪ್ಯೂಟರ್ ತರಿಸಿದರು. ಅದರಲ್ಲಿ ಲಿನಕ್ಸ್ ಹಾಕಿ, ಸರದಿ ನೋಡಿಕೊಳ್ಳುವ ಪ್ರೋಗ್ರಾಮ್ ಬರೆದು ಕೊಟ್ಟವನು ಸೇಲಂನ ಎಂಜಿನಿಯರ್ ಭರತ್. ಆಫೀಸಿನ ಒಳಕೋಣೆಯಲ್ಲಿ ದೊಡ್ಡ ಮಿಷನ್ನು, ಅಲ್ಲಿಂದ ವೈರು ಎಳೆದು ಯಾರ್ಡಿನ ಶೆಡ್ಡಿನಲ್ಲಿ ಇನ್ನೊಂದು ಚಿಕ್ಕ ಕಂಪ್ಯೂಟರ್. ಲಾರಿ ಬಂದ ಗಳಿಗೆಗೆ ಮುನಿಲಕ್ಷ್ಮಿ ನಂಬರ್ ಟೈಪ್ ಮಾಡಿದರೆ ಮುಗಿಯಿತು, ಶೆಡ್ಡಿನ ಪರದೆಯ ಮೇಲೆ ಸರದಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಪರದೆಗೆ ಕೋಳಿ ತಿನ್ನುವ ಅಭ್ಯಾಸವಿಲ್ಲ. ಸುಬ್ಬರಾಯನ್ ಅಂದಿನಿಂದ ಆ ಮಿಷನ್ನನ್ನು ಸವತಿಯನ್ನು ನೋಡುವ ಹಾಗೆ ನೋಡುತ್ತಿದ್ದ. ಡಬ್ಬಿಯನ್ನು ಮಾತ್ರ ಬಿಸಾಕಿರಲಿಲ್ಲ, ಬೀರುವಿನ ಮೇಲೆ ಒರೆಸಿ ಇಟ್ಟುಕೊಂಡಿದ್ದ.

ಭರತ್‌ನ ವಿಚಾರವೂ ಹೇಳಬೇಕು. ಅವನೂ ಕನ್ನಡದ ಮನೆಯವನೇ, ಸೇಲಂ ಪೇಟೆಯ ಓದಿದ ಮನೆತನ. ಇದು ಗೊತ್ತಾದ ದಿನ ಮುನಿಲಕ್ಷ್ಮಿ ಖುಷಿಯಿಂದ ‘ನೀವೂ ನಮ್ಮ ಮಾತಿನೋರಾ ಸಾರ್?’ ಎಂದು ಕೇಳಿದ್ದಳು. ಅವನು ಅವಳ ಮುಖ ನೋಡಿ ಇಂಗ್ಲಿಷಿನಲ್ಲಿ ‘ಯೆಸ್, ಟೆಲ್ ಮಿ’ ಅಂದ. ಅಷ್ಟೇ. ಅವಳು ಮತ್ತೆ ಅವನೊಡನೆ ಕನ್ನಡ ಎತ್ತಲಿಲ್ಲ. ಆದರೆ ಅವನು ಬಂದಾಗಲೆಲ್ಲ ಪಕ್ಕದಲ್ಲಿ ನಿಂತು, ಅವನು ಮಿಷನ್ನಿಗೆ ಏನೇನು ಟೈಪ್ ಮಾಡಿದನೋ ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಳ್ಳುತ್ತಿದ್ದಳು. ಇಂಗ್ಲಿಷ್ ಕಮಾಂಡ್ ಇಂಗ್ಲಿಷಿನಲ್ಲೇ, ಅದರ ಪಕ್ಕದಲ್ಲಿ ಅವಳ ಟಿಪ್ಪಣಿ ಕನ್ನಡ ಮಾತಿನಲ್ಲಿ, ತಮಿಳು ಅಕ್ಷರದಲ್ಲಿ. ಆ ನೋಟ್‌ಬುಕ್ ಭೂಮಿಯ ಮೇಲೆ ಇನ್ನೊಬ್ಬರಿಗೆ ಓದಲು ಬರುವಂಥದ್ದಲ್ಲ.

ಈ ಭರತ್ ದಸರೆಗೆ ಮುಂಚೆ ಓನರ್ ಹತ್ತಿರ ಒಂದು ಮಾತು ಹಾಕಿದ್ದ. ಮಿಷನ್ನಿಗೆ ಕಲಿತವರು ಬೇಕು, ನಮ್ಮ ಕಡೆಯ ಒಬ್ಬನನ್ನು ಕೂರಿಸುತ್ತೇನೆ, ಆ ಹೆಂಗಸಿಗೆ ಬೇರೆ ಏನಾದರೂ ಕೆಲಸ ಕೊಡಿ ಎಂದು. ಅಣ್ಣಾಮಲೈ ‘ಪೂಜೆ ಮುಗೀಲಿ, ನೋಡೋಣ’ ಎಂದಿದ್ದರು. ಸುದ್ದಿ ಮುನಿಲಕ್ಷ್ಮಿಯ ಕಿವಿಗೆ ಬಿದ್ದಿತ್ತು. ಆ ಕುರ್ಚಿ ಹೋದರೆ ಮತ್ತೆ ರಸೀದಿ ಹರಿಯುವ ಕೆಲಸ, ಅದೂ ಸುಬ್ಬರಾಯನ್ ಕೈಕೆಳಗೆ. ಅದಕ್ಕಿಂತ ಅಪ್ಪನ ಕುರಿ ಕಾಯುವುದು ಲೇಸು ಎಂದು ಅವಳು ತೀರ್ಮಾನ ಮಾಡಿದ್ದಳು. ಆದರೆ ಕುರ್ಚಿ ಬಿಡುವ ತೀರ್ಮಾನ ಮಾತ್ರ ಮಾಡಿರಲಿಲ್ಲ.

ಇಷ್ಟಾಗುವ ಹೊತ್ತಿಗೆ ತೊಂಬತ್ತೊಂಬತ್ತರ ಆಯುಧಪೂಜೆ ಬಂತು. ಶಂಕಗಿರಿಯಲ್ಲಿ ಆ ದಿನ ಒಂದು ಚಕ್ರವೂ ತಿರುಗುವುದಿಲ್ಲ. ಲಾರಿಗಳಿಗೆ ಬಾಳೆಕಂದು, ಚೆಂಡುಹೂವಿನ ಹಾರ, ಟಯರಿನಡಿ ನಿಂಬೆಹಣ್ಣು, ರಸ್ತೆಯ ತುಂಬಾ ಒಡೆದ ಬೂದುಗುಂಬಳ. ಯಂತ್ರ ಅಂತಿರುವುದೆಲ್ಲ ಅಂದು ಆಫ್ ಆಗಬೇಕು, ಪೂಜೆ ಮಾಡಿಸಿಕೊಂಡು ಸುಮ್ಮನಿರಬೇಕು, ಮರುದಿನ ಒಳ್ಳೆಯ ಗಳಿಗೆಯಲ್ಲಿ ಮತ್ತೆ ಚಾಲೂ ಆಗಬೇಕು. ಆ ಮೊದಲ ಚಾಲೂ ಹೇಗಾಗುತ್ತದೋ ವರ್ಷವೆಲ್ಲ ಹಾಗೆ ಎಂಬ ನಂಬಿಕೆ. ಕಂಪ್ಯೂಟರೂ ಯಂತ್ರವೇ ತಾನೇ? ಜನರೇಟರ್ ದಯೆಯಿಂದ ತಿಂಗಳುಗಟ್ಟಲೆ ಒಂದು ಸಲವೂ ನಿಲ್ಲದೆ ಓಡಿದ್ದ ಮಿಷನ್ನನ್ನು ಸುಬ್ಬರಾಯನ್ ತಾನೇ ನಿಂತು ಆಫ್ ಮಾಡಿಸಿದ. ಮುಂದೆ, ಹಿಂದೆ, ಪಕ್ಕಕ್ಕೆ, ಸಿಕ್ಕಲ್ಲೆಲ್ಲ ಗಂಧ ಮೆತ್ತಿ ಕುಂಕುಮ ಇಟ್ಟ. ‘ಹಿಂದುಗಡೆ ಬೇಡ ಸಾರ್, ಅಲ್ಲಿ ತೂತುಗಳಿವೆ’ ಎಂದು ಮುನಿಲಕ್ಷ್ಮಿ ಹೇಳಿದಳು. ದೇವರ ಕೆಲಸಕ್ಕೆ ಅಡ್ಡ ಬರಬಾರದು ಎಂದ.

ಮರುದಿನ ಒಂಬತ್ತಕ್ಕೆ ಒಳ್ಳೆಯ ಗಳಿಗೆ. ಯಾರ್ಡಿನಲ್ಲಿ ಮೂವತ್ತು ಲಾರಿ, ಸಿಮೆಂಟ್ ಲೋಡು ತಯಾರು. ಕರ್ಪೂರ ಹಚ್ಚಿ ಮಿಷನ್ ಆನ್ ಮಾಡಿದರು. ಪರದೆಯ ಮೇಲೆ ಸಾಲುಸಾಲಾಗಿ ಅಕ್ಷರ ಹರಿದವು, ಸರದಿ ಸರ್ವಿಸಿನ, ಅಂದರೆ ಭರತ್ ಬರೆದ ಪ್ರೋಗ್ರಾಮಿನ, ಎದುರು ‘ಓಕೆ’ ಎಂದೂ ಬಂತು. ಎಲ್ಲರೂ ಕೈಮುಗಿದರು. ಆದರೆ ಶೆಡ್ಡಿನ ಪರದೆ ಕಪ್ಪಗೇ ಇತ್ತು. ಸುಬ್ಬರಾಯನ್ ಆಫ್ ಮಾಡಿಸಿದ, ಮತ್ತೆ ಆನ್ ಮಾಡಿಸಿದ. ಮೂರು ಸಲ ಹೀಗೇ ಆಯಿತು. ಮೂರು ಸಲವೂ ‘ಓಕೆ’, ಮೂರು ಸಲವೂ ಶೆಡ್ಡು ಕತ್ತಲೆ.

ಆಫೀಸಿನಲ್ಲಿ ಮಾತೆಲ್ಲ ತಮಿಳು, ನಾವು ನಮ್ಮ ಅನುಕೂಲಕ್ಕೆ ಕನ್ನಡದಲ್ಲೇ ಕೇಳೋಣ. “ನಿನ್ನೆ ಇವಳು ಅಪಶಕುನ ಆಡಿದಳು ಸಾರ್, ನಾನಾಗಲೇ ಅಂದುಕೊಂಡೆ,” ಎಂದು ಸುಬ್ಬರಾಯನ್ ಓನರಿಗೆ ಫೋನಿನಲ್ಲಿ ಹೇಳಿದ. “ಮಿಷನ್ನು ಹಾಳು ಮಾಡಿಬಿಟ್ಟಿದ್ದಾಳೆ.” ಅಣ್ಣಾಮಲೈ ಹನ್ನೊಂದಕ್ಕೆ ಬರುತ್ತೇನೆ, ಭರತ್‌ಗೂ ಹೇಳುತ್ತೇನೆ, ಅಷ್ಟರಲ್ಲಿ ಆಗದಿದ್ದರೆ ಭರತ್ ಹೇಳಿದವನನ್ನೇ ಕೂರಿಸೋಣ ಎಂದರಂತೆ. ಸುಬ್ಬರಾಯನ್ ಫೋನಿಟ್ಟು, ಈ ಕೊನೆಯ ಮಾತನ್ನು ಅವಳಿಗೆ ಎರಡೆರಡು ಸಲ ಹೇಳಿ, ಬೀರುವಿನ ಮೇಲಿಂದ ತಗಡಿನ ಡಬ್ಬಿ ಇಳಿಸಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಬರೆ ಹಾಕಿಸಿಕೊಂಡು ಸುಮ್ಮನಿರುವ ಎಮ್ಮೆ ಮಾತ್ರ ಮುನಿಲಕ್ಷ್ಮಿಯಾಗಿರಲಿಲ್ಲ.

ಕಿಟಕಿಯಾಚೆ ಮುನಿವೆಂಕಟಪ್ಪ ನಿಂತಿದ್ದ, ಮೇಚೇರಿ ಕಡೆಯ, ಮನೆಯಲ್ಲಿ ಕನ್ನಡ ಆಡುವ ಹಳೇ ಡ್ರೈವರು. ಮೂರು ದಿನದಿಂದ ಕಾದು ಅಂದು ಅವನ ಲಾರಿ ಸರದಿಯಲ್ಲಿ ಮೊದಲನೆಯದು. ಮಿಷನ್ನಿನಲ್ಲಿ ಮೊದಲನೆಯದು, ಡಬ್ಬಿಯಲ್ಲಿ ಎಲ್ಲಿರುತ್ತದೋ ದೇವರಿಗೇ ಗೊತ್ತು.

“ಏನಮ್ಮೀ, ನನ್ನ ನಂಬರ್ ಓಯ್ತಾ?”

“ಓಗಿಲ್ಲ ಮಾವ, ಒಳಗೇ ಐತೆ. ಒರಗೆ ಬರೋಕೆ ದಾರಿ ಸಿಕ್ತಿಲ್ಲ.”

“ಆ ಡಬ್ಬಿ ಬಂತಂದ್ರೆ ನಾನು ದೀಪಾವಳಿಗಂಟ ಇಲ್ಲೇ ಬಿದ್ದಿರಬೇಕು ಕಣಮ್ಮಿ. ಕೋಳಿ ತರೋ ಬುದ್ಧಿ ನಂಗೆ ಇನ್ನೂ ಬಂದಿಲ್ಲ.”

“ತರಬ್ಯಾಡ. ಅನ್ನೊಂದು ಗಂಟೆಗಂಟ ಟೈಮ್ ಕೊಡು.”

ಅವಳು ಮೊದಲು ಮಿಷನ್ನಿನ ಬೆನ್ನು ನೋಡಿದಳು. ನೆಟ್‌ವರ್ಕಿನ ವೈರು ಸಿಕ್ಕಿಸುವ ತೂತಿನೊಳಗೆ ಗಂಧ ಒಣಗಿ ಗಟ್ಟಿಯಾಗಿತ್ತು, ಅದರ ಮೇಲೆ ಕುಂಕುಮ. ವೈರು ಅರ್ಧ ಮಾತ್ರ ಕೂತಿತ್ತು. ಮಿಷನ್ ಆಫ್ ಮಾಡಿ, ಹೇರ್‌ಪಿನ್ನಿನ ತುದಿಗೆ ಬಟ್ಟೆ ಸುತ್ತಿ ಮೆತ್ತಗೆ ಕೆರೆದು ತೆಗೆದಳು. ಮತ್ತೆ ಆನ್ ಮಾಡಿ ವೈರು ಒತ್ತಿದಾಗ ಟಕ್ಕೆಂದು ಕೂತು ಹಸಿರು ದೀಪ ಹತ್ತಿತು. ಸುಬ್ಬರಾಯನ್ ಅದನ್ನು ನೋಡಿಯೂ ನೋಡದ ಹಾಗೆ ಡಬ್ಬಿ ಒರೆಸುತ್ತಿದ್ದ. ಅವಳಿಗೆ ಗೆದ್ದೆ ಅನ್ನಿಸಿತು. ಶೆಡ್ಡಿಗೆ ಓಡಿ ನೋಡಿದಳು. ಈಗಲೂ ಕತ್ತಲೆಯೇ.

ವಾಪಸ್ ಬಂದು ಸರ್ವಿಸಿನ ಸ್ಥಿತಿ ಕೇಳುವ ಕಮಾಂಡ್ ಕೊಟ್ಟಳು. ಉತ್ತರ ಬಂತು: ‘ಡೆಡ್ ಬಟ್ ಸಬ್‌ಸಿಸ್ ಲಾಕ್ಡ್’. ಅಂದರೆ ಪ್ರೋಗ್ರಾಮ್ ಸತ್ತಿದೆ, ಆದರೆ ಬದುಕಿದ್ದಾಗ ಹಾಕಿಕೊಂಡ ಬೀಗ ಹಾಗೇ ಇದೆ. ‘ಓಕೆ’ ಎಂದದ್ದು ಏಳುವ ಗಳಿಗೆಯ ಮಾತು. ಎದ್ದ ಮರುಕ್ಷಣವೇ ಅದು ಬಿದ್ದಿತ್ತು, ಬಿದ್ದದ್ದನ್ನು ಯಾರೂ ನೋಡಿರಲಿಲ್ಲ. ಯಾಕೆ ಬಿತ್ತು ಎಂಬುದು ಲಾಗ್ ಎಂಬ ಮಿಷನ್ನಿನ ದಿನಚರಿ ಫೈಲಿನಲ್ಲಿರುತ್ತದೆ. ಆ ಫೈಲು ತೆರೆಯಲು ರೂಟ್ ಪಾಸ್‌ವರ್ಡ್ ಬೇಕು, ಮಿಷನ್ನಿನ ಯಜಮಾನಿಕೆಯ ಬೀಗದಕೈ ಅದು. ಅದನ್ನು ಭರತ್ ಯಾರಿಗೂ ಕೊಟ್ಟಿರಲಿಲ್ಲ.

ಅವಳು ಸೇಲಂಗೆ ಫೋನು ಹಾಕಿದಳು. ಭರತ್ ಇನ್ನೂ ಹೊರಟಿರಲಿಲ್ಲ.

“ಸಾರ್, ಲಾಗ್ ಫೈಲ್ ನೋಡಬೇಕು. ಪಾಸ್‌ವರ್ಡ್ ಹೇಳಿ.”

“ನೀವು ಏನೂ ಮುಟ್ಟಬೇಡಿ,” ಎಂದ ಭರತ್, ಇಂಗ್ಲಿಷ್ ಬೆರೆತ ತಮಿಳಿನಲ್ಲಿ. “ಹಾರ್ಡ್ ಡಿಸ್ಕ್ ಹೋಗಿರುತ್ತೆ. ನಾನು ಬಂದು ಫಾರ್ಮ್ಯಾಟ್ ಮಾಡ್ತೀನಿ, ಎಲ್ಲಾ ಹೊಸದಾಗಿ ಹಾಕ್ತೀನಿ.”

“ಫಾರ್ಮ್ಯಾಟ್ ಮಾಡಿದರೆ ಮೂರು ದಿನದಿಂದ ನಿಂತವರ ಸರದಿ?”

“ಅದಕ್ಕೆ ಏನು ಮಾಡೋಕಾಗುತ್ತೆ? ಮೊದಲಿಂದ ಬರ್ಕೊಳ್ಳಿ.”

ಮುನಿಲಕ್ಷ್ಮಿಗೆ ಕಿವಿ ಬಿಸಿಯಾಯಿತು. ಕಿಟಕಿಯಾಚೆ ಮುನಿವೆಂಕಟಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

“ಸಾರ್, ಒಂದು ವಿಷಯ ಹೇಳ್ತೀನಿ ಕೇಳಿ,” ಎಂದಳು. “ನಿಮ್ಮ ಪಾಸ್‌ವರ್ಡ್ ನನಗೆ ಆರು ತಿಂಗಳಿಂದ ಗೊತ್ತು. ನಾನು ಟೈಪಿಂಗ್ ಹೈಯರ್ ಪಾಸಾದವಳು. ಪಕ್ಕದಲ್ಲಿ ನಿಂತವಳ ಮುಂದೆ ಎರಡು ಬೆರಳಲ್ಲಿ ನಿಧಾನವಾಗಿ ಕುಟ್ಟಿದರೆ ಯಾವ ಅಕ್ಷರ ಅಂತ ನನ್ನ ಕಣ್ಣಿಗೆ ಬೀಳದೇ ಇರುತ್ತಾ? ಇವತ್ತಿನವರೆಗೆ ಬಳಸಿಲ್ಲ. ಈಗ ಬಳಸ್ತೀನಿ. ಕದ್ದು ಮಾಡಿದಳು ಅಂತ ಆಮೇಲೆ ಹೇಳಬಾರದು, ಅದಕ್ಕೇ ಹೇಳಿ ಮಾಡ್ತಿದ್ದೀನಿ.”

ಆ ಕಡೆಯಿಂದ ಏನೋ ಗಟ್ಟಿಯಾಗಿ ಕೇಳಿಸಿತು. ಅವಳು ಫೋನಿಟ್ಟಳು. ಕೀಬೋರ್ಡಿಗೆ ತಿರುಗಿ ಪಾಸ್‌ವರ್ಡ್ ಹೊಡೆದಳು. ಒಂದಕ್ಷರವೂ ತಪ್ಪಲಿಲ್ಲ.

ಲಾಗ್ ಫೈಲ್ ತೆರೆದುಕೊಂಡಿತು. ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದಳು. ನಾಲ್ಕು ಚಾಲೂವಿಗೂ ಒಂದೇ ಸಾಲು: ‘ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’. ಪ್ರೋಗ್ರಾಮ್ ಒಂದು ವಿಳಾಸದಲ್ಲಿ ಕೂರಲು ಹೋಗಿದೆ, ಆ ವಿಳಾಸ ಈ ಮಿಷನ್ನಿನಲ್ಲಿ ಇಲ್ಲ. ಮನೆ ನಂಬರ್ ಹಿಡಿದು ಬಂದವನಿಗೆ ಆ ನಂಬರಿನ ಮನೆಯೇ ಸಿಗದ ಹಾಗೆ. ಪ್ರೋಗ್ರಾಮ್ ಕೇಳುತ್ತಿದ್ದದ್ದು ಐದನೇ ನಂಬರು. ಮಿಷನ್ನು ಹಾಕಿಕೊಂಡು ಕೂತದ್ದು ಒಂದನೇ ನಂಬರು. ಒಂದನೇ ನಂಬರು ಶೆಡ್ಡಿನ ಕಂಪ್ಯೂಟರಿನದು. ಎರಡಕ್ಕೂ ಒಂದೇ ನಂಬರಾಗಿ ಎರಡೂ ಮೂತಿ ತಿರುಗಿಸಿಕೊಂಡಿದ್ದವು.

ಐದು ಇದ್ದದ್ದು ಒಂದು ಹೇಗಾಯಿತು? ಅಲ್ಲಿಗೆ ಬಂದು ಅವಳ ಬುದ್ಧಿ ನಿಂತಿತು. ಗಡಿಯಾರ ಹತ್ತು ದಾಟಿತ್ತು. ಹೊರಗೆ ಯಾರೋ ಒಬ್ಬ ಆಗಲೇ ಸುಬ್ಬರಾಯನ್ ಕೈಗೆ ಚೀಟಿ ಕೊಡುತ್ತಿದ್ದ.

ಅವಳ ಅಪ್ಪ ಬಸಪ್ಪ ಸಂಜೆ ಕುರಿ ಎಣಿಸುವಾಗ ಒಂದು ಕಡಿಮೆಯಾದರೆ ಗಾಬರಿಯಿಂದ ಊರೆಲ್ಲ ಹುಡುಕುತ್ತಿರಲಿಲ್ಲ. ‘ಲೆಕ್ಕ ಕೊನೇಗೆ ಎಲ್ಲಿ ಸರಿಯಾಗಿತ್ತೋ ಅಲ್ಲಿಗೆ ಓಗು, ಅಲ್ಲಿಂದ ಈಚೆಗೆ ನೋಡ್ಕೊಂಡು ಬಾ’ ಅನ್ನುತ್ತಿದ್ದ. ಅವಳು ಹತ್ತು ವರ್ಷದ ಹುಡುಗಿಯಾಗಿದ್ದಾಗ ಎಷ್ಟೋ ಸಲ ಹಾಗೆ ಹಳ್ಳದವರೆಗೆ ಹೋಗಿ ಕುರಿ ಹೊಡೆದುಕೊಂಡು ಬಂದಿದ್ದಳು. ಈಗ ನೋಟ್‌ಬುಕ್ ತೆಗೆದಳು. ಮಿಷನ್ನು ಈ ಮೊದಲು ಆಫ್ ಆಗಿ ಸರಿಯಾಗಿ ಎದ್ದದ್ದು ಯಾವಾಗ? ಜೂನಿನಲ್ಲಿ. ಅಲ್ಲಿಂದ ಈಚೆಗೆ ಪುಟ ತಿರುವಿದಳು.

ತಮಿಳರ ಆಡಿ ತಿಂಗಳ ಹದಿನೆಂಟರ ದಿನ ಸಿಕ್ಕಿತು, ಆಗಸ್ಟಿನ ಮೊದಲ ವಾರ. ಜನವೆಲ್ಲ ಕಾವೇರಿಯಲ್ಲಿ ಮೀಯಲು ಮೇಟ್ಟೂರಿಗೆ ನುಗ್ಗುವ ದಿನ ಅದು, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂದೇ ಶೆಡ್ಡಿಗೆ ಹಳೆಯದರ ಬದಲು ಹೊಸ ಕಂಪ್ಯೂಟರ್ ಬಂದಿತ್ತು. ಅದಕ್ಕೂ ಒಂದನೇ ನಂಬರಿದ್ದು ಜಗಳವಾಯಿತೆಂದು ಭರತ್ ದೊಡ್ಡ ಮಿಷನ್ನಿಗೆ ಐದು ಕೊಟ್ಟಿದ್ದ. ಪ್ರೋಗ್ರಾಮಿನ ಫೈಲಿನಲ್ಲೂ ಐದು ಎಂದು ಬರೆದಿದ್ದ. ಆದರೆ ಮಿಷನ್ನಿಗೆ ಮಾತ್ರ ಬಾಯಲ್ಲಿ ಹೇಳುವ ಹಾಗೆ ಒಂದು ಕಮಾಂಡಿನಲ್ಲಿ ಹೇಳಿ ಮುಗಿಸಿದ್ದ. ಏಳುವಾಗ ಅದು ಓದಿಕೊಳ್ಳುವ ಫೈಲಿನಲ್ಲಿ ಹಳೇ ಒಂದನೇ ನಂಬರೇ ಉಳಿದಿತ್ತು. ಕಮಾಂಡಿನ ಪಕ್ಕದಲ್ಲಿ ಅವಳ ತಮಿಳು ಅಕ್ಷರದ ಕನ್ನಡ: ‘ಫೈಲಲ್ಲಿ ಬರೀಲಿಲ್ಲ. ಕೇಳಿದೆ. ಬಸ್ಸಿಗೆ ಲೇಟಾಯ್ತದೆ ಅಂದ್ರು.’

ಮಿಷನ್ನು ನಿಲ್ಲದೆ ಓಡುವವರೆಗೆ ಬಾಯಿಮಾತು ನೆನಪಿನಲ್ಲಿತ್ತು. ಆಯುಧಪೂಜೆಗೆ ಮಲಗಿದ ಕೂಡಲೇ ಮರೆಯಿತು. ಇದರಲ್ಲಿ ಅಪಶಕುನ ಎಲ್ಲಿಂದ ಬಂತು?

ಅವಳು ಫೈಲು ತೆರೆದು ಒಂದನ್ನು ಅಳಿಸಿ ಐದು ಮಾಡಿದಳು. ಎರಡು ಸಲ ಓದಿ ಸೇವ್ ಮಾಡಿದಳು. ಸತ್ತದ್ದರ ಬೀಗ ತೆಗೆದಳು. ನೆಟ್‌ವರ್ಕ್ ನಿಲ್ಲಿಸಿ ಎಬ್ಬಿಸಿದಳು, ಆಮೇಲೆ ಸರ್ವಿಸ್ ಎಬ್ಬಿಸಿದಳು. ‘ಓಕೆ’ ಬಂತು. ಈ ಸಲ ಅದನ್ನು ನಂಬದೆ ಸ್ಥಿತಿ ಕೇಳಿದಳು. ‘ರನ್ನಿಂಗ್’ ಎಂದಿತು. ಅದನ್ನೂ ನಂಬದೆ ಕಿಟಕಿಯಿಂದ ಕೂಗಿದಳು.

“ಮಾವ, ಶೆಡ್ಡಲ್ಲಿ ಏನೈತೆ ನೋಡು!”

ಮುನಿವೆಂಕಟಪ್ಪ ಓಡಿದ. ಆಮೇಲೆ ಶೆಡ್ಡಿನ ಕಡೆಯಿಂದ ಮೂವತ್ತು ಗಂಡಸರ ಕೂಗು ಕೇಳಿತು. “ನನ್ನ ನಂಬರ್ ಮೇಲ್ಗಡೆ ಐತೆ ಕಣಮ್ಮೀ! ಮೊದಲ್ನೇದು!”

ಅಣ್ಣಾಮಲೈ ಮತ್ತು ಭರತ್ ಒಟ್ಟಿಗೇ ಬಂದರು. ಹನ್ನೊಂದಕ್ಕೆ ಐದು ನಿಮಿಷವಿತ್ತು. ಮುನಿವೆಂಕಟಪ್ಪನ ಲಾರಿ ಆಗ ತಾನೇ ಲೋಡಿಂಗ್ ಕಡೆಗೆ ತಿರುಗುತ್ತಿತ್ತು. ಭರತ್ ಮಿಷನ್ನಿನ ಮುಂದೆ ಬಗ್ಗಿ ನೋಡಿ, ಓನರ್ ಕಡೆ ತಿರುಗಿ ನಕ್ಕ.

“ಹೇಗೋ ಎದ್ದಿದೆ ಸಾರ್, ಅದೃಷ್ಟ. ಇವರು ಏನೇನು ಮುಟ್ಟಿದ್ದಾರೋ ಗೊತ್ತಿಲ್ಲ. ಮತ್ತೆ ಯಾವಾಗ ಬೀಳುತ್ತೋ. ಅದಕ್ಕೇ ಹೇಳಿದ್ದು, ನಮ್ಮವನು ಒಬ್ಬ ಇಲ್ಲಿದ್ದರೆ...”

ಅಣ್ಣಾಮಲೈ ತಲೆಯಾಡಿಸಿದರು. ಹೌದು ಅಂತಲೋ ಅಲ್ಲ ಅಂತಲೋ ಗೊತ್ತಾಗುವ ಹಾಗಿರಲಿಲ್ಲ. ಮುನಿಲಕ್ಷ್ಮಿಗೆ ಅಷ್ಟು ಸಾಕಾಯಿತು. ಕೆಲಸವಾಯಿತಲ್ಲ ಎಂದು ಸುಮ್ಮನಿದ್ದರೆ ಅದು ಅದೃಷ್ಟದ ಹೆಸರಿಗೆ ಹೋಗುತ್ತದೆ, ಕುರ್ಚಿ ಇನ್ನೊಬ್ಬನಿಗೆ ಹೋಗುತ್ತದೆ. ಅವಳು ಎದ್ದು ನಿಂತು, ಮಿಷನ್ನು ಆಫ್ ಮಾಡುವ ಕಮಾಂಡ್ ಹೊಡೆದಳು.

“ಏಯ್, ಎನ್ನಮ್ಮಾ ಪಣ್ಣರೇ, ಏನಮ್ಮಾ ಮಾಡ್ತಿದ್ದೀಯ!” ಎಂದು ಸುಬ್ಬರಾಯನ್ ಕಿರುಚಿದ. “ಒಳ್ಳೆ ಗಳಿಗೆ ಹತ್ತೂವರೆಗೇ ಮುಗಿದಿದೆ! ಓಡೋ ಮಿಷನ್ನು ನಿಲ್ಲಿಸ್ತಾಳೆ ಸಾರ್!”

“ಬೇಡಮ್ಮಾ, ಬಿಡು, ಓಡ್ತಿದೆಯಲ್ಲ,” ಎಂದರು ಅಣ್ಣಾಮಲೈ.

“ಓಡ್ತಿದೆ ಸಾರ್. ಆಡಿ ಹದಿನೆಂಟರಂದೂ ಹೀಗೇ ಓಡ್ತಿತ್ತು. ಓಡ್ತಿದೆ ಅಂತ ಅವತ್ತು ಇವರು ಬಿಟ್ಟು ಹೋದರು, ಅದಕ್ಕೇ ಇವತ್ತು ಮೂವತ್ತು ಲಾರಿ ನಿಂತಿತು.” ಪರದೆ ಕಪ್ಪಾಯಿತು. ಫ್ಯಾನಿನ ಸದ್ದು ನಿಂತಿತು. “ಅದೃಷ್ಟಾನೋ ಕೆಲಸಾನೋ ಈಗ ನೋಡಿ. ನಾನು ಕೀಬೋರ್ಡ್ ಮುಟ್ಟಲ್ಲ. ತಾನಾಗಿ ಎದ್ದರೆ ನಾನು ಇಲ್ಲಿ ಕೂರ್ತೀನಿ. ಏಳದಿದ್ದರೆ ಬಾಗಿಲು ಅಲ್ಲಿದೆ.”

ಪವರ್ ಬಟನ್ ಒತ್ತಿ, ಎರಡು ಕೈಯನ್ನೂ ಎದೆಗೆ ಕಟ್ಟಿಕೊಂಡು ಗೋಡೆಗೆ ಒರಗಿದಳು.

ಆ ಕಾಲದ ಮಿಷನ್ನು ಏಳುವುದಕ್ಕೆ ಐದು ನಿಮಿಷ ತೆಗೆದುಕೊಳ್ಳುತ್ತಿತ್ತು. ಆ ಐದು ನಿಮಿಷದಲ್ಲಿ ಅವಳಿಗೆ ಭಯವಾಯಿತು, ಸುಳ್ಳೇಕೆ. ಸೇವ್ ಆಗಿದೆಯೋ ಇಲ್ಲವೋ, ಇನ್ನೆಲ್ಲಾದರೂ ಬಾಯಿಮಾತು ಉಳಿದಿದೆಯೋ, ಯಾರಿಗೆ ಗೊತ್ತು. ಮುಖದಲ್ಲಿ ಮಾತ್ರ ತೋರಿಸಲಿಲ್ಲ. ಲಾರಿ ತಿರುಗಿಸುತ್ತಿದ್ದ ಮುನಿವೆಂಕಟಪ್ಪ ಎಂಜಿನ್ ಆಫ್ ಮಾಡಿ ಕಿಟಕಿಗೆ ಬಂದಿದ್ದ. ಅವನ ಹಿಂದೆ ಒಬ್ಬೊಬ್ಬರಾಗಿ ಡ್ರೈವರುಗಳು ಬಂದು ನಿಂತರು.

“ಕುರಿ ಇಡಕೊಂಡು ನಿಲ್ಸಿದ್ರೆ ನಿಂತಂಗಲ್ಲ,” ಎಂದ ಮುನಿವೆಂಕಟಪ್ಪ ಪಕ್ಕದವನಿಗೆ. “ಕೈ ಬಿಟ್ಟು ನೋಡಬೇಕು. ಬಸಪ್ಪನ ಮಗಳಿಗೆ ಅದು ಗೊತ್ತು.”

ಸಾಲುಗಳು ಹರಿದವು. ನೆಟ್‌ವರ್ಕ್, ಓಕೆ. ಸರದಿ ಸರ್ವಿಸ್, ಓಕೆ. ಈ ಸಲ ಯಾರೂ ಕೈಮುಗಿಯಲಿಲ್ಲ, ಓಕೆಯ ಯೋಗ್ಯತೆ ಅಂದು ಎಲ್ಲರಿಗೂ ಗೊತ್ತಾಗಿತ್ತು. ಆಮೇಲೆ ಶೆಡ್ಡಿನಿಂದ ಒಬ್ಬ ಕೂಗಿದ, “ವಂದಿರುಚ್ಚು! ಲಿಸ್ಟ್ ವಂದಿರುಚ್ಚು!” ಬಂತು, ಪಟ್ಟಿ ಬಂತು.

ಅಣ್ಣಾಮಲೈ ಭರತ್ ಕಡೆ ನೋಡಿದರು. ಭರತ್ ಅಷ್ಟರಲ್ಲಿ ‘ಆಡಿ ಹದಿನೆಂಟಕ್ಕೆ ನಾನು ಫೈಲಲ್ಲಿ ಬರೆದಿದ್ದ ಹಾಗೆ ನೆನಪು’ ಎಂದು ಶುರು ಮಾಡಿದ್ದ. ಫೈಲಲ್ಲಿ ಬರೆಯುವ ಮಾತನ್ನು ಅವನ ಮುಂದೆ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಮುನಿಲಕ್ಷ್ಮಿ ನೋಟ್‌ಬುಕ್ ತೆರೆದು ಆ ಪುಟವನ್ನು ತಮಿಳಿಗೆ ತಿರುಗಿಸಿ ಗಟ್ಟಿಯಾಗಿ ಓದಿದಳು, ಬಸ್ಸಿನ ವಿಚಾರವನ್ನೂ ಬಿಡದೆ.

“ಸುಬ್ಬರಾಯನ್, ಆ ಡಬ್ಬಿ ತೆಗೆದು ಒಳಗಿಡು,” ಎಂದರು ಓನರ್. “ಇಲ್ಲ, ಕೊಡು ಇಲ್ಲಿ. ಪೂಜೆಯ ಪುರಿ-ಕಡಲೆ ಹಾಕಿಡೋಕೆ ಆಗುತ್ತೆ.” ಆಮೇಲೆ ಭರತ್‌ಗೆ, “ತಂಬಿ, ಆ ಪಾಸ್‌ವರ್ಡನ್ನ ಒಂದು ಕಾಗದದಲ್ಲಿ ಬರೆದು ಈ ಅಮ್ಮನ ಕೈಗೆ ಕೊಡು. ಇಲ್ಲಿ ಕೂರುವವಳು ಇವಳೇ.”

“ಬೇಡ ಸಾರ್,” ಎಂದಳು ಮುನಿಲಕ್ಷ್ಮಿ. “ಅದು ಈಗ ನಡೆಯಲ್ಲ. ಪಕ್ಕದಲ್ಲಿ ನಿಂತವರಿಗೆಲ್ಲ ಗೊತ್ತಾಗೋ ಪಾಸ್‌ವರ್ಡ್ ಇಟ್ಟುಕೊಳ್ಳಬಾರದು. ಹತ್ತೂವರೆಗೇ ಹೊಸದು ಹಾಕಿದ್ದೀನಿ.”

ಭರತ್ ಮುಖ ಕೆಂಪಾಯಿತು. ಅವಳ ಹತ್ತಿರಕ್ಕೆ ಬಂದು, ಓನರ್‌ಗೆ ಕೇಳಿಸದ ಹಾಗೆ, ಆ ಆಫೀಸಿನಲ್ಲಿ ಮೊಟ್ಟಮೊದಲ ಸಲ ಕನ್ನಡದಲ್ಲಿ ಮಾತಾಡಿದ.

“ಹೊಸದು ಏನು ಅಂತ ನನಗೆ ಹೇಳಬೇಕಲ್ವಾ? ಮಿಷನ್ನು ಹಾಕಿಕೊಟ್ಟಿದ್ದು ನಾನು.”

ಮುನಿಲಕ್ಷ್ಮಿ ಕುರ್ಚಿ ಎಳೆದುಕೊಂಡು ಕೂತಳು. ಕೀಬೋರ್ಡನ್ನು ತನ್ನ ಕಡೆ ಸರಿಸಿಕೊಂಡಳು.

“ಅದಕ್ಕೇನಂತೆ ಸಾರ್, ನಾನು ಕಲಿತಂಗೆ ನೀವೂ ಕಲೀರಿ,” ಎಂದಳು. “ಟೈಪ್ ಮಾಡ್ತೀನಿ, ಪಕ್ಕದಲ್ಲಿ ನಿಂತು ನೋಡ್ಕಳಿ.”

ಅವನು ನೋಡಿದ. ನಿಮಿಷಕ್ಕೆ ನಲವತ್ತೈದು ಪದ ಹೊಡೆಯುವ ಕೈ ಅದು. ಅವನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಎಂಟರ್ ಒತ್ತಿ, ಎರಡನೇ ನಂಬರಿನ ಲಾರಿಯನ್ನು ಕರೆದಿದ್ದಳು.